ರನ್‌ವೇ ತಲುಪುವ ಮೊದಲು

2008ರ ಆಗಸ್ಟ್ 20ರ ಮಧ್ಯಾಹ್ನ. ಮ್ಯಾಡ್ರಿಡ್‌ನ ಬರಾಹಸ್ ವಿಮಾನ ನಿಲ್ದಾಣದಲ್ಲಿ ಬಿರುಬಿಸಿಲು. ಗ್ರಾನ್ ಕೆನರಿಯಾ ದ್ವೀಪಕ್ಕೆ ಹೋಗಬೇಕಿದ್ದ ಸ್ಪ್ಯಾನ್‌ಏರ್ 5022 ವಿಮಾನ ಅದಾಗಲೇ ಒಂದು ಸಲ ರನ್‌ವೇ ಬಳಿಗೆ ಹೋಗಿ ವಾಪಸು ಬಂದಿತ್ತು. ಹೊರಗಿನ ಗಾಳಿಯ ಉಷ್ಣಾಂಶ ಅಳೆಯುವ ಸಾಧನ ನೆಲದ ಮೇಲಿರುವಾಗಲೇ ವಿಪರೀತ ಕಾಯುತ್ತಿತ್ತು. ತಂತ್ರಜ್ಞರು ಬಂದು ನೋಡಿ, ಅದರ ವಿದ್ಯುತ್ ಸಂಪರ್ಕ ತೆಗೆದು, ವಿಮಾನ ಹೊರಡಬಹುದೆಂದರು. ಒಂದು ಗಂಟೆಗೆ ಹೊರಡಬೇಕಿದ್ದ ವಿಮಾನ ಎರಡು ದಾಟಿದರೂ ನೆಲದಲ್ಲೇ ಇತ್ತು. ಒಳಗೆ ಕೂತವರಿಗೆ ಸೆಕೆ, ಕ್ಯಾಪ್ಟನ್ನರಿಗೆ ತಡವಾದ ಚಿಂತೆ.

ಎಂಜಿನ್ ಮತ್ತೆ ಶುರುವಾಯಿತು. ಪೈಲಟ್‌ಗಳು ಚೆಕ್‌ಲಿಸ್ಟ್ ಓದತೊಡಗಿದರು. ಪಟ್ಟಿಯ ಕೊನೆಯಲ್ಲಿದ್ದದ್ದು ಫ್ಲ್ಯಾಪ್‌ಗಳ ಸಂಗತಿ. ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಚಾಚಿಕೊಳ್ಳುವ ಈ ಫಲಕಗಳಿಲ್ಲದೆ ತುಂಬಿದ ವಿಮಾನವನ್ನು ಟೇಕಾಫ್ ವೇಗದಲ್ಲಿ ಮೇಲಕ್ಕೆತ್ತುವ ಶಕ್ತಿ ರೆಕ್ಕೆಗೆ ಇರುವುದಿಲ್ಲ. ಸರಿಯಾಗಿ ಆ ಸಾಲಿಗೆ ಬರುವ ಹೊತ್ತಿಗೆ ಕ್ಯಾಪ್ಟನ್ ಸಹ ಪೈಲಟ್‌ಗೆ, ಟ್ಯಾಕ್ಸಿಗೆ, ಅಂದರೆ ನೆಲದ ಮೇಲೆ ರನ್‌ವೇ ಕಡೆಗೆ ಸಾಗಲು, ಅನುಮತಿ ಕೇಳು ಎಂದರು. ಸಹ ಪೈಲಟ್ ರೇಡಿಯೊ ಎತ್ತಿಕೊಂಡರು. ಅನುಮತಿ ಸಿಕ್ಕಿತು, ವಿಮಾನ ಚಲಿಸಿತು. ಬಿಟ್ಟ ಸಾಲಿಗೆ ಇಬ್ಬರೂ ಮರಳಲಿಲ್ಲ. ಟೇಕಾಫ್‌ಗೆ ಮುಂಚಿನ ಕೊನೆಯ ಪರಿಶೀಲನೆಯಲ್ಲಿ ಫ್ಲ್ಯಾಪ್ ಹನ್ನೊಂದು ಡಿಗ್ರಿ ಎಂದು ಬಾಯಿ ಹೇಳಿತು, ಕಣ್ಣು ನೋಡಲಿಲ್ಲ. ಫ್ಲ್ಯಾಪ್ ಇಳಿಸದಿದ್ದರೆ ಕೂಗಿ ಹೇಳಬೇಕಿದ್ದ ಎಚ್ಚರಿಕೆಯ ಗಂಟೆಯೂ ಅವತ್ತು ಮೌನವಾಗಿತ್ತು. ಮೇಲೇರಲಾಗದೆ ವಿಮಾನ ಬಿದ್ದು, 172 ಮಂದಿಯಲ್ಲಿ 154 ಮಂದಿ ಸತ್ತರು.

ಕಾಕ್‌ಪಿಟ್‌ನಲ್ಲಿ ಗಮನ ತಪ್ಪುವುದು ಎಂದಾಗ ನಾವೆಲ್ಲ ಹರಟೆಯನ್ನು ನೆನೆಯುತ್ತೇವೆ. ಪೈಲಟ್‌ಗಳು ಮಾತಾಡುತ್ತ ಮೈಮರೆತರು ಎಂಬುದು ಪತ್ರಿಕೆಯ ತಲೆಬರಹಕ್ಕೂ ಒಗ್ಗುತ್ತದೆ, ನಮ್ಮ ಕೋಪಕ್ಕೂ ಒಗ್ಗುತ್ತದೆ. ಆದರೆ ಮ್ಯಾಡ್ರಿಡ್‌ನಲ್ಲಿ ಆ ಒಂದು ಸಾಲನ್ನು ನುಂಗಿದ್ದು ಹರಟೆಯಲ್ಲ. ಕೆಲಸದ ಭಾಗವೇ ಆದ, ನಿಯಮವೇ ಬೇಡುವ, ತೀರಾ ನ್ಯಾಯವಾದ ಒಂದು ರೇಡಿಯೊ ಕರೆ. ಟೇಕಾಫ್ ವೇಳೆ ಸಂಭವಿಸಿದ ದೊಡ್ಡ ಅಪಘಾತಗಳ ವರದಿಗಳನ್ನು ಓದುತ್ತ ಹೋದಂತೆ ನನಗೆ ಮತ್ತೆ ಮತ್ತೆ ಎದುರಾದದ್ದು ಇದೇ. ದುರಂತ ರನ್‌ವೇಯ ಮೇಲೆ ಕಾಣಿಸಿಕೊಳ್ಳುತ್ತದೆ. ಅದು ಹುಟ್ಟುವುದು ಗೇಟ್‌ನಿಂದ ಹೊರಟು ರನ್‌ವೇ ತಲುಪುವವರೆಗಿನ ಹತ್ತಿಪ್ಪತ್ತು ನಿಮಿಷಗಳಲ್ಲಿ, ಒಂದೇ ಮನಸ್ಸನ್ನು ಎರಡು ಅಗತ್ಯ ಕೆಲಸಗಳು ಏಕಕಾಲಕ್ಕೆ ಕರೆದಾಗ.

ಕಿಟಕಿ ಪಕ್ಕ ಕೂತ ನಮಗೆ ಅದು ಬೇಸರದ ಹೊತ್ತು. ವಿಮಾನ ಬಸ್ಸಿನಂತೆ ನಿಧಾನ ತಿರುಗುತ್ತಿರುತ್ತದೆ, ಗಗನಸಖಿಯರು ಸೀಟ್ ಬೆಲ್ಟ್ ತೋರಿಸುತ್ತಿರುತ್ತಾರೆ. ಬಾಗಿಲ ಆಚೆಗೆ ಇದು ಇಡೀ ಪಯಣದ ಅತ್ಯಂತ ಒತ್ತಡದ ಅವಧಿಗಳಲ್ಲಿ ಒಂದು. ದೊಡ್ಡ ನಿಲ್ದಾಣದಲ್ಲಿ ಹೊರಡುವ ವಿಮಾನ ಮೊದಲು ಮಾರ್ಗದ ಅನುಮತಿ ಪಡೆಯಬೇಕು, ಆಮೇಲೆ ನೆಲದ ಓಡಾಟ ನೋಡುವ ಗ್ರೌಂಡ್ ಕಂಟ್ರೋಲ್, ಆಮೇಲೆ ಟವರ್, ಮೇಲೇರಿದ ಕೂಡಲೇ ರೇಡಾರ್ ನಿಯಂತ್ರಕರು. ಒಬ್ಬೊಬ್ಬರದೂ ಬೇರೆ ಬೇರೆ ಫ್ರೀಕ್ವೆನ್ಸಿ. ಇದರ ನಡುವೆಯೇ ಟ್ಯಾಕ್ಸಿವೇಯ ತಿರುವುಗಳನ್ನು ಹುಡುಕಬೇಕು, ಚೆಕ್‌ಲಿಸ್ಟ್ ಮುಗಿಸಬೇಕು, ಗಾಳಿಯ ದಿಕ್ಕು ಬದಲಾಗಿ ರನ್‌ವೇ ಬದಲಾದರೆ ವೇಗ, ತೂಕಗಳ ಲೆಕ್ಕವನ್ನು ಮತ್ತೆ ಹಾಕಬೇಕು. ಅದೇ ಫ್ರೀಕ್ವೆನ್ಸಿಯಲ್ಲಿ ಬೇರೆ ವಿಮಾನಗಳ ಮಾತೂ ಬರುತ್ತಿರುತ್ತದೆ. ಅದರೊಳಗಿಂದ ತಮ್ಮ ಕರೆಯನ್ನು ಹೆಕ್ಕಿಕೊಳ್ಳಬೇಕು.

ಡೆಟ್ರಾಯಿಟ್‌ನಲ್ಲಿ 1987ರ ಆಗಸ್ಟ್ 16ರ ಸಂಜೆ ಹೀಗೇ ಆಯಿತು. ಫೀನಿಕ್ಸ್‌ಗೆ ಹೊರಟಿದ್ದ ನಾರ್ತ್‌ವೆಸ್ಟ್ 255 ಗೇಟ್ ಬಿಟ್ಟಿತು. ಹವಾಮಾನ ಕೆಡುತ್ತಿತ್ತು, ರನ್‌ವೇ ಬದಲಾಯಿತು. ಗ್ರೌಂಡ್ ನಿಯಂತ್ರಕರು ಹೊಸ ದಾರಿ ಹೇಳಿ, ಹೊಸ ಫ್ರೀಕ್ವೆನ್ಸಿಗೆ ಹೋಗಿ ಎಂದರು. ಸಹ ಪೈಲಟ್ ದಾರಿಯನ್ನು ಮರುನುಡಿದರು, ಫ್ರೀಕ್ವೆನ್ಸಿಯನ್ನು ಮರುನುಡಿಯಲಿಲ್ಲ, ರೇಡಿಯೊವನ್ನೂ ಬದಲಿಸಲಿಲ್ಲ. ಹೊಸ ಹವಾಮಾನ ವಿವರ ಕೇಳಿ ಬರೆದುಕೊಳ್ಳುವುದಿತ್ತು, ಬದಲಾದ ರನ್‌ವೇಗೆ ತೂಕ ಹೊಂದುತ್ತದೆಯೇ ನೋಡುವುದಿತ್ತು. ಅಷ್ಟರಲ್ಲಿ ತಿರುಗಬೇಕಿದ್ದ ಟ್ಯಾಕ್ಸಿವೇ ತಪ್ಪಿಹೋಯಿತು. ಮತ್ತೆ ರೇಡಿಯೊ, ಮತ್ತೆ ಸೂಚನೆ. ಸಾಮಾನ್ಯವಾಗಿ ಸಹ ಪೈಲಟ್ ಫ್ಲ್ಯಾಪ್ ಸನ್ನೆಗೆ ಕೈ ಹಾಕುವ ಹೊತ್ತು ಈ ಗಡಿಬಿಡಿಯಲ್ಲಿ ಕಳೆದುಹೋಯಿತು. ಟ್ಯಾಕ್ಸಿ ಚೆಕ್‌ಲಿಸ್ಟ್ ಓದಲೇ ಇಲ್ಲ ಎಂಬುದನ್ನು ಕಾಕ್‌ಪಿಟ್ ಧ್ವನಿಮುದ್ರಿಕೆ ಆಮೇಲೆ ಹೇಳಿತು. ವಿಮಾನ ನೆಲ ಬಿಟ್ಟು ಸ್ವಲ್ಪ ದೂರ ಹೋಗಿ ಉರುಳಿತು. ವಿಮಾನದಲ್ಲಿದ್ದ 154 ಮಂದಿ, ನೆಲದಲ್ಲಿದ್ದ ಇಬ್ಬರು ಸತ್ತರು. ಉಳಿದವಳು ನಾಲ್ಕು ವರ್ಷದ ಒಬ್ಬ ಹುಡುಗಿ.

ಮ್ಯಾಡ್ರಿಡ್‌ನ ವಿಮಾನವೂ ಡೆಟ್ರಾಯಿಟ್‌ನ ವಿಮಾನವೂ ಒಂದೇ ಮಾದರಿ, ಎಂಡಿ-82. ಎರಡರಲ್ಲೂ ಎಚ್ಚರಿಕೆಯ ಗಂಟೆ ಕೂಗಲಿಲ್ಲ. ಡೆಟ್ರಾಯಿಟ್‌ನಲ್ಲಿ ಆ ವ್ಯವಸ್ಥೆಗೆ ವಿದ್ಯುತ್ತೇ ತಲುಪಿರಲಿಲ್ಲ. ಏಕೆಂಬುದು ಕೊನೆಗೂ ನಿರ್ಧಾರವಾಗಲಿಲ್ಲ. ಆ ಅಪಘಾತದ ನಂತರ ವಿಮಾನ ತಯಾರಿಸಿದ ಮೆಕ್‌ಡೊನೆಲ್ ಡಗ್ಲಸ್ ಕಂಪನಿ, ಪ್ರತಿ ಹಾರಾಟಕ್ಕೂ ಮೊದಲು ಈ ಗಂಟೆಯನ್ನು ಪರೀಕ್ಷಿಸಿ ಎಂದು ಸಲಹೆ ಕಳಿಸಿತ್ತು. ಇಪ್ಪತ್ತೊಂದು ವರ್ಷ ಕಳೆದ ಮೇಲೆ ಮ್ಯಾಡ್ರಿಡ್‌ನಲ್ಲಿ ಆ ಪರೀಕ್ಷೆ ಪ್ರತಿ ಹಾರಾಟಕ್ಕೂ ಮೊದಲು ನಡೆಯುತ್ತಿರಲಿಲ್ಲ. ಒಂದು ದೇಶದಲ್ಲಿ 156 ಜೀವ ತೆತ್ತು ಕಲಿತದ್ದು ಇನ್ನೊಂದು ದೇಶಕ್ಕೆ ಸಲಹೆಯಾಗಿ ಮಾತ್ರ ತಲುಪಿತು, ನಿಯಮವಾಗಿ ತಲುಪಲಿಲ್ಲ. ಈ ಎರಡು ವರದಿಗಳನ್ನು ಒಟ್ಟಿಗೆ ಓದಿದಾಗ ಬರುವ ಸಂಕಟ ಪೈಲಟ್‌ಗಳ ಮೇಲಿನ ಸಿಟ್ಟಿಗಿಂತ ದೊಡ್ಡದು.

ಹರಟೆಯಿಂದ ಅಪಾಯವಿಲ್ಲ ಎಂದಲ್ಲ. 1974ರಲ್ಲಿ ಅಮೆರಿಕದ ಶಾರ್ಲಟ್‌ನಲ್ಲಿ ಇಳಿಯಲು ಬರುತ್ತಿದ್ದ ಈಸ್ಟರ್ನ್ 212 ವಿಮಾನದ ಪೈಲಟ್‌ಗಳು ರಾಜಕೀಯದಿಂದ ಹಿಡಿದು ಹಳೆಯ ಕಾರುಗಳವರೆಗೆ ಮಾತಾಡುತ್ತ ಎತ್ತರದ ಲೆಕ್ಕ ಬಿಟ್ಟಿದ್ದರು. ಅದಾದ ಏಳು ವರ್ಷಕ್ಕೆ, 1981ರಲ್ಲಿ, ಅಮೆರಿಕ ಸ್ಟೆರೈಲ್ ಕಾಕ್‌ಪಿಟ್ ನಿಯಮ ತಂದಿತು. ಟ್ಯಾಕ್ಸಿ, ಟೇಕಾಫ್, ಲ್ಯಾಂಡಿಂಗ್ ವೇಳೆಯಲ್ಲಿ, ಮತ್ತು ಒಂದೇ ಎತ್ತರದಲ್ಲಿ ಸಾಗುವ ಹಂತ ಬಿಟ್ಟು ಹತ್ತು ಸಾವಿರ ಅಡಿಯ ಕೆಳಗಿನ ಹಾರಾಟದಲ್ಲಿ, ಹಾರಾಟಕ್ಕೆ ಸಂಬಂಧಿಸದ ಮಾತಾಗಲೀ ಕೆಲಸವಾಗಲೀ ಕೂಡದು. ಸುರಕ್ಷತೆಯ ವಿಷಯ ಹೊರತು ಗಗನಸಖಿಯರೂ ಕರೆಯುವಂತಿಲ್ಲ. ಇಂದು ಭಾರತದವೂ ಸೇರಿ ಜಗತ್ತಿನ ಬಹುತೇಕ ವಿಮಾನ ಸಂಸ್ಥೆಗಳು ಇದನ್ನು ಪಾಲಿಸುತ್ತವೆ. ನಿಯಮ ಬಂದ ಮೇಲೂ 1988ರ ಆಗಸ್ಟ್ 31ರಂದು ಡಲ್ಲಾಸ್‌ನಲ್ಲಿ ಡೆಲ್ಟಾ 1141 ವಿಮಾನ ಫ್ಲ್ಯಾಪ್ ಇಳಿಸದೆ ಓಡಿ ಬಿದ್ದು 14 ಮಂದಿ ಸತ್ತರು. ಸಾಲಿನಲ್ಲಿ ಕಾಯುತ್ತಿದ್ದಾಗ ಕಾಕ್‌ಪಿಟ್‌ಗೆ ಬಂದಿದ್ದ ಗಗನಸಖಿಯೊಂದಿಗೆ ಪೈಲಟ್‌ಗಳ ಮಾತುಕತೆ ಬಹಳ ಹೊತ್ತು ನಡೆದಿತ್ತು. 2006ರಲ್ಲಿ ಲೆಕ್ಸಿಂಗ್ಟನ್‌ನಲ್ಲಿ ಕಾಮ್‌ಏರ್ 5191 ನಸುಕಿನಲ್ಲಿ ತಪ್ಪು ರನ್‌ವೇ ಹಿಡಿಯಿತು. ಏಳು ಸಾವಿರ ಅಡಿಯ ರನ್‌ವೇ ಬದಲು ಮೂರೂವರೆ ಸಾವಿರ ಅಡಿಯದು. 50 ಮಂದಿಯಲ್ಲಿ ಉಳಿದದ್ದು ಸಹ ಪೈಲಟ್ ಒಬ್ಬರೇ. ಟ್ಯಾಕ್ಸಿ ವೇಳೆ ಅಲ್ಲೂ ಸಂಬಂಧವಿಲ್ಲದ ಮಾತು ನಡೆದಿತ್ತು. ಟವರ್‌ನಲ್ಲಿದ್ದ ಒಬ್ಬರೇ ನಿಯಂತ್ರಕರು ಟೇಕಾಫ್ ಅನುಮತಿ ಕೊಟ್ಟ ಮೇಲೆ ಕಚೇರಿಯ ಬೇರೆ ಕೆಲಸಕ್ಕೆ ತಿರುಗಿದ್ದರು.

ಮೌನದ ನಿಯಮ ಒಳ್ಳೆಯದು, ಅದು ಬೇಕೇ ಬೇಕು. ಆದರೆ ಅದು ನಿಲ್ಲಿಸಬಲ್ಲದ್ದು ಬೇಡದ ಮಾತನ್ನು ಮಾತ್ರ. ಬೇಕಾದ ಮಾತು ತಪ್ಪು ಗಳಿಗೆಯಲ್ಲಿ ಬಂದರೆ ಅದರ ಬಳಿ ಉತ್ತರವಿಲ್ಲ.

ಇದರ ಅತಿ ದೊಡ್ಡ ಉದಾಹರಣೆ ಟೆನರಿಫ್. 1977ರ ಮಾರ್ಚ್ 27. ಗ್ರಾನ್ ಕೆನರಿಯಾ ನಿಲ್ದಾಣದಲ್ಲಿ ಬಾಂಬ್ ಸ್ಫೋಟಿಸಿದ್ದರಿಂದ ಹಲವು ವಿಮಾನಗಳನ್ನು ಪಕ್ಕದ ದ್ವೀಪದ ಲಾಸ್ ರೋಡಿಯೋಸ್ ಎಂಬ ಸಣ್ಣ ನಿಲ್ದಾಣಕ್ಕೆ ತಿರುಗಿಸಿದ್ದರು. ಅಲ್ಲಿ ಇದ್ದದ್ದು ಒಂದೇ ರನ್‌ವೇ. ಟ್ಯಾಕ್ಸಿವೇ ತುಂಬ ವಿಮಾನಗಳು ನಿಂತಿದ್ದರಿಂದ ಹೊರಡುವವರು ರನ್‌ವೇಯ ಮೇಲೇ ಸಾಗಬೇಕಿತ್ತು. ನೆಲದ ರೇಡಾರ್ ಇರಲಿಲ್ಲ. ಮಂಜು ಕವಿಯಿತು. ಕೆಎಲ್‌ಎಮ್‌ನ 747 ರನ್‌ವೇಯ ಕೊನೆಗೆ ಹೋಗಿ ತಿರುಗಿ ನಿಂತಿತು, ಪ್ಯಾನ್ ಆಮ್‌ನ 747 ಅದೇ ರನ್‌ವೇಯ ಮೇಲೆ ಎದುರಿನಿಂದ ನಿಧಾನ ಬರುತ್ತಿತ್ತು.

ಕೆಎಲ್‌ಎಮ್ ಕ್ಯಾಪ್ಟನ್ ಯಾಕೊಬ್ ಫೆಲ್ಡ್‌ಹೌಜೆನ್ ಫಾನ್ ಜಾಂಟನ್ ಆ ಸಂಸ್ಥೆಯಲ್ಲಿ 747 ತರಬೇತಿಯ ಮುಖ್ಯಸ್ಥ. ಜಾಹೀರಾತುಗಳಲ್ಲಿ ಸಂಸ್ಥೆಯ ಮುಖವೇ ಅವರಾಗಿದ್ದರು. ತಿರುಗಿ ನಿಂತ ಕೂಡಲೇ ಅವರು ಒಮ್ಮೆ ಎಂಜಿನ್ ಶಕ್ತಿ ಏರಿಸಹೊರಟಾಗ ಸಹ ಪೈಲಟ್ ತಡೆದರು, ಅನುಮತಿ ಇನ್ನೂ ಬಂದಿಲ್ಲ ಎಂದರು. ಸಹ ಪೈಲಟ್ ಆಗ ಟವರನ್ನು ಕರೆದರು. ಟವರ್ ಕೊಟ್ಟದ್ದು ಮೇಲೇರಿದ ಮೇಲೆ ಹೋಗಬೇಕಾದ ಮಾರ್ಗದ ಅನುಮತಿ, ಟೇಕಾಫ್ ಅನುಮತಿ ಅಲ್ಲ. ಆದರೆ ಆ ಮಾತಿನಲ್ಲಿ ಟೇಕಾಫ್ ಎಂಬ ಪದ ಇತ್ತು. ಸಹ ಪೈಲಟ್ ಆ ಉದ್ದನೆಯ ಅನುಮತಿಯನ್ನು ಮರುನುಡಿಯುತ್ತಿರುವಾಗಲೇ ಕ್ಯಾಪ್ಟನ್ ಬ್ರೇಕ್ ಬಿಟ್ಟರು, ಹೊರಡೋಣ ಎಂದರು. ಒಂದು ನಿಮಿಷದ ಹಿಂದೆ ಕ್ಯಾಪ್ಟನ್ನರನ್ನು ತಡೆದಿದ್ದ ಅದೇ ಮನುಷ್ಯನ ಬಾಯಿ, ಕಿವಿ ಎರಡೂ ಈಗ ರೇಡಿಯೊಗೆ ಕಟ್ಟುಬಿದ್ದಿದ್ದವು. ಮಾತು ಮುಗಿಸುತ್ತ ಅವರು ಅವಸರದಲ್ಲಿ, ನಾವೀಗ ಟೇಕಾಫ್‌ನಲ್ಲಿದ್ದೇವೆ ಎಂಬರ್ಥದ ಮಾತೊಂದನ್ನು ಸೇರಿಸಿದರು. ಟವರ್‌ಗೆ ಅದು ಟೇಕಾಫ್‌ಗೆ ಸಿದ್ಧವಾಗಿ ನಿಂತಿದ್ದೇವೆ ಎಂದು ಕೇಳಿಸಿತು.

ಮುಂದಿನ ನಾಲ್ಕು ಸೆಕೆಂಡು ಅರ್ಥವಾಗಬೇಕಾದರೆ ವಿಮಾನದ ರೇಡಿಯೊ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಬೇಕು. ನಾಗರಿಕ ವಿಮಾನಗಳ ಮಾತುಕತೆ ನಡೆಯುವುದು 118ರಿಂದ 137 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ. ಗುಂಡಿ ಒತ್ತಿ ಹಿಡಿದರೆ ಮಾತಾಡಬಹುದು. ಆಗ ಬೇರೆಯವರದು ಕೇಳಿಸದು. ಗುಂಡಿ ಬಿಟ್ಟರೆ ಕೇಳಬಹುದು. ಇಬ್ಬರು ಒಟ್ಟಿಗೆ ಒತ್ತಿದರೆ ಎರಡು ಅಲೆಗಳೂ ಬೆರೆತು ಮೂರನೆಯವರಿಗೆ ಕೀರಲು ಸದ್ದು ಬರುತ್ತದೆ. ಮಾತಾಡಿದ ಇಬ್ಬರಿಗೂ ತಮ್ಮ ಮಾತು ತಲುಪಿಲ್ಲವೆಂಬ ಸುಳಿವು ಇರುವುದಿಲ್ಲ. ಟವರ್ ಮೊದಲು ಸರಿ ಎಂದಿತು. ಒಂದೆರಡು ಸೆಕೆಂಡ್ ಬಿಟ್ಟು, ಟೇಕಾಫ್‌ಗೆ ಕಾಯಿರಿ, ನಾನೇ ಕರೆಯುತ್ತೇನೆ ಎಂದಿತು. ಅದೇ ಕ್ಷಣಕ್ಕೆ ಗಾಬರಿಗೊಂಡ ಪ್ಯಾನ್ ಆಮ್ ಪೈಲಟ್, ನಾವಿನ್ನೂ ರನ್‌ವೇ ಮೇಲೇ ಇದ್ದೇವೆ ಎಂದು ಹೇಳಿದರು. ಕೆಎಲ್‌ಎಮ್ ಕಾಕ್‌ಪಿಟ್‌ಗೆ ಆ 'ಸರಿ' ಮಾತ್ರ ಸ್ಪಷ್ಟವಾಗಿ ಮುಟ್ಟಿತು, ಮಿಕ್ಕದ್ದು ಕೀರಲು ಸದ್ದು. ಆ ಎರಡು ಮಾತುಗಳಲ್ಲಿ ಯಾವುದೊಂದು ಸರಿಯಾಗಿ ಕೇಳಿಸಿದ್ದರೂ ವಿಮಾನ ನಿಲ್ಲುತ್ತಿತ್ತು. ಆಮೇಲೆ ಫ್ಲೈಟ್ ಎಂಜಿನಿಯರ್ ಒಬ್ಬರೇ, ಆ ಪ್ಯಾನ್ ಆಮ್ ರನ್‌ವೇ ಬಿಟ್ಟಿಲ್ಲವೇ ಎಂದು ಕೇಳಿದರು. ಬಿಟ್ಟಿದೆ ಎಂದು ಕ್ಯಾಪ್ಟನ್ ಒತ್ತಿ ಹೇಳಿದರು. ಎರಡೂ ವಿಮಾನಗಳು ಡಿಕ್ಕಿ ಹೊಡೆದು 583 ಮಂದಿ ಸತ್ತರು. ವಾಯುಯಾನದ ಇತಿಹಾಸದಲ್ಲಿ ಒಂದು ಅಪಘಾತಕ್ಕೆ ಇದಕ್ಕಿಂತ ಹೆಚ್ಚು ಮಂದಿ ಬಲಿಯಾದದ್ದಿಲ್ಲ.

ಟೆನರಿಫ್ ನಂತರ ಟೇಕಾಫ್ ಎಂಬ ಪದವನ್ನು ಆ ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಳಸಬೇಕು, ಉಳಿದ ಕಡೆ ಡಿಪಾರ್ಚರ್ ಎನ್ನಬೇಕು ಎಂಬ ಶಿಸ್ತು ಬಂತು. ಬರಿಯ ಸರಿ, ಆಯಿತುಗಳು ಸಲ್ಲವು. ಮುಖ್ಯ ಸೂಚನೆಯನ್ನು ಪೂರ್ತಿ ಮರುನುಡಿಯಬೇಕು ಎಂಬುದು ಬಿಗಿಯಾಯಿತು. ಆದರೂ ಮರುನುಡಿದ ಮಾತ್ರಕ್ಕೆ ಮನಸ್ಸು ಅಲ್ಲಿತ್ತು ಎಂದಾಗುವುದಿಲ್ಲ. 2023ರ ಜನವರಿ 13ರ ರಾತ್ರಿ ನ್ಯೂಯಾರ್ಕ್‌ನ ಜೆಎಫ್‌ಕೆ ನಿಲ್ದಾಣದಲ್ಲಿ ಲಂಡನ್‌ಗೆ ಹೊರಟಿದ್ದ ಅಮೆರಿಕನ್ 106 ವಿಮಾನಕ್ಕೆ ಯಾವ ರನ್‌ವೇ ದಾಟಬೇಕೆಂದು ಹೇಳಲಾಗಿತ್ತು, ಪೈಲಟ್‌ಗಳು ಅದನ್ನು ಸರಿಯಾಗಿಯೇ ಮರುನುಡಿದಿದ್ದರು. ದಾಟಿದ್ದು ಬೇರೊಂದು ರನ್‌ವೇಯನ್ನು. ಅದರ ಮೇಲೆ ಡೆಲ್ಟಾ 1943 ವೇಗ ಪಡೆಯುತ್ತಿತ್ತು. ನಿಯಂತ್ರಕರು ಕೂಗಿ ಟೇಕಾಫ್ ರದ್ದು ಮಾಡಿದ್ದರಿಂದ ಅದು ನಿಂತಿತು. ಒಂದರ ಮೇಲೊಂದು ಬಂದ ಅಡಚಣೆಗಳು, ಒಟ್ಟಿಗೆ ಹಲವು ಕೆಲಸ ಮಾಡುತ್ತಿದ್ದ ಪೈಲಟ್‌ಗಳು ಎಂದೇ ತನಿಖೆ ಕಾರಣ ಗುರುತಿಸಿತು.

ನಮ್ಮ ದೇಶದ ನೆನಪಿನಲ್ಲಿ ಈ ಸಾಲಿನ ಗಾಯ ಹರಿಯಾಣದ ಚರ್ಖಿ ದಾದ್ರಿ. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಹೊರಟ ಸೌದಿಯಾ 747 ಮೇಲೇರುತ್ತಿತ್ತು, ಕಜಕಿಸ್ತಾನದ ಇಲ್ಯೂಷಿನ್-76 ಇಳಿಯುತ್ತಿತ್ತು. ಆಗ ದೆಹಲಿಗೆ ಬರುವ ಹೋಗುವ ನಾಗರಿಕ ವಿಮಾನಗಳಿಗೆಲ್ಲ ಒಂದೇ ವಾಯುಮಾರ್ಗ. ಸೌದಿಯಾಗೆ ಹದಿನಾಲ್ಕು ಸಾವಿರ ಅಡಿ, ಕಜಕ್ ವಿಮಾನಕ್ಕೆ ಹದಿನೈದು ಸಾವಿರ ಅಡಿ. ಕಜಕ್ ವಿಮಾನದಲ್ಲಿ ನಿಯಂತ್ರಕರೊಡನೆ ಇಂಗ್ಲಿಷ್‌ನಲ್ಲಿ ಮಾತಾಡುತ್ತಿದ್ದವರು ರೇಡಿಯೊ ಆಪರೇಟರ್. ವಿಮಾನ ನಡೆಸುತ್ತಿದ್ದವರು ಬೇರೆಯವರು. ಮಾತಾಡುವವರ ಮುಂದೆ ಎತ್ತರ ತೋರಿಸುವ ಮಾಪಕವಿರಲಿಲ್ಲ, ಮಾಪಕ ಇದ್ದವರ ಕಿವಿಗೆ ಮಾತು ಪೂರ್ತಿ ಅರ್ಥವಾಗುತ್ತಿರಲಿಲ್ಲ. ವಿಮಾನ ಕೊಟ್ಟ ಎತ್ತರದಿಂದ ಕೆಳಗಿಳಿಯಿತು. ದೆಹಲಿಯ ಅಂದಿನ ರೇಡಾರ್ ವಿಮಾನ ಎಲ್ಲಿದೆ ಎಂಬುದನ್ನು ತೋರಿಸುತ್ತಿತ್ತು, ಎಷ್ಟು ಎತ್ತರದಲ್ಲಿದೆ ಎಂಬುದನ್ನಲ್ಲ. ಆಕಾಶದಲ್ಲೇ ಡಿಕ್ಕಿಯಾಗಿ ಎರಡೂ ವಿಮಾನಗಳ 349 ಮಂದಿಯೂ ಸತ್ತರು. ಕೊಲ್ಲಿ ದೇಶಗಳಿಗೆ ದುಡಿಯಲು ಹೊರಟಿದ್ದ ಭಾರತೀಯರು ಅವರಲ್ಲಿ ಬಹಳ. ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಅವರ ತನಿಖೆಯ ನಂತರ ಬರುವ ಹೋಗುವ ಮಾರ್ಗಗಳು ಬೇರೆಯಾದವು, ಡಿಕ್ಕಿ ತಪ್ಪಿಸುವ ಉಪಕರಣ ಕಡ್ಡಾಯವಾಯಿತು.

ಹಾಗಾದರೆ ಅಗತ್ಯದ ಕರೆಯೇ ಅಪಾಯವಾದಾಗ ಮಾಡುವುದೇನು? ಕಣದಲ್ಲಿ ಬತ್ತ ಅಳೆಯುವವರನ್ನು ಯಾರೂ ಮಾತಾಡಿಸುವುದಿಲ್ಲ. ಎಣಿಕೆ ತಪ್ಪಿದರೆ ರಾಶಿಗೆ ಸುರಿದು ಮತ್ತೆ ಒಂದರಿಂದ ಶುರುಮಾಡುತ್ತಾರೆ. ಚೆಕ್‌ಲಿಸ್ಟ್‌ಗೂ ಒಳ್ಳೆಯ ಸಂಸ್ಥೆಗಳು ಇದೇ ಪದ್ಧತಿ ಇಟ್ಟುಕೊಂಡಿವೆ. ನಡುವೆ ಕರೆ ಬಂದರೆ ಓದುತ್ತಿದ್ದ ಪಟ್ಟಿಯನ್ನು ಮೊದಲಿನಿಂದ ಓದಬೇಕು, ನಿಂತ ಸಾಲಿನಿಂದ ಅಲ್ಲ. ನಿಂತ ಸಾಲು ಯಾವುದೆಂದು ನೆನಪು ಹೇಳುವುದನ್ನು ನಂಬಬಾರದು, ಏಕೆಂದರೆ ದಿನಕ್ಕೆ ನಾಲ್ಕು ಸಲ ಅದೇ ಪಟ್ಟಿ ಓದುವವರಿಗೆ ನಿನ್ನೆಯ ಓದು ಇವತ್ತಿನದೆಂದೇ ಅನಿಸುತ್ತದೆ. ಇನ್ನೂ ಗಟ್ಟಿಯಾದ ಉಪಾಯವೆಂದರೆ ಕೆಲಸದ ಕ್ರಮವನ್ನೇ ಬದಲಿಸುವುದು. ಫ್ಲ್ಯಾಪ್ ಇಳಿಸಿ, ಇಬ್ಬರೂ ನೋಡಿ, ಪಟ್ಟಿ ಮುಗಿದ ಮೇಲಷ್ಟೇ ಟ್ಯಾಕ್ಸಿಗೆ ಅನುಮತಿ ಕೇಳುವುದು. ಆಗ ರೇಡಿಯೊ ಮತ್ತು ಚೆಕ್‌ಲಿಸ್ಟ್ ಒಂದೇ ಗಳಿಗೆಗೆ ಜಗಳವಾಡುವುದಿಲ್ಲ. ಎಚ್ಚರವಾಗಿರಿ ಎಂಬ ಸುತ್ತೋಲೆಗಿಂತ ಇದು ನೂರು ಪಾಲು ಮೇಲು.

ಇದಕ್ಕೆ ಸಮಯ ಬೇಕು. ನಮ್ಮ ನಾಗರಿಕ ವಿಮಾನಯಾನ ನಿರ್ದೇಶನಾಲಯ ಪ್ರತಿ ತಿಂಗಳೂ ಯಾವ ಸಂಸ್ಥೆ ಎಷ್ಟು ಶೇಕಡ ಸಮಯಕ್ಕೆ ಸರಿಯಾಗಿ ಹಾರಿತು ಎಂಬ ಪಟ್ಟಿ ಪ್ರಕಟಿಸುತ್ತದೆ, ಸಂಸ್ಥೆಗಳು ಅದನ್ನು ಜಾಹೀರಾತಿನಲ್ಲಿ ಹಾಕಿಕೊಳ್ಳುತ್ತವೆ, ನಾವು ಅದನ್ನು ನೋಡಿ ಟಿಕೆಟ್ ಕೊಳ್ಳುತ್ತೇವೆ. ರನ್‌ವೇ ಬದಲಾದಾಗ ಪಕ್ಕಕ್ಕೆ ನಿಂತು, ಸಾಲು ಬಿಟ್ಟುಕೊಟ್ಟು, ಲೆಕ್ಕವನ್ನೂ ಪಟ್ಟಿಯನ್ನೂ ಮತ್ತೆ ಮುಗಿಸಿದ ಕ್ಯಾಪ್ಟನ್ನರ ಐದು ನಿಮಿಷಕ್ಕೆ ಅಲ್ಲಿ ಕಾಲಂ ಇಲ್ಲ. ಆ ಐದು ನಿಮಿಷ ಅಲ್ಲಿ ತಡ ಎಂದು ಮಾತ್ರ ದಾಖಲಾಗುತ್ತದೆ. ನನ್ನ ಮಟ್ಟಿಗೆ ಇದು ಸಣ್ಣ ದೋಷವಲ್ಲ.

ಗೊಂದಲ ಕಾಕ್‌ಪಿಟ್‌ನಲ್ಲೇ ಹುಟ್ಟಬೇಕೆಂದೂ ಇಲ್ಲ. 2022ರ ಜನವರಿ 7ರ ಬೆಳಿಗ್ಗೆ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಕೋಲ್ಕತ್ತಕ್ಕೂ ಭುವನೇಶ್ವರಕ್ಕೂ ಹೊರಟ ಇಂಡಿಗೊದ ಎರಡು ವಿಮಾನಗಳು ಸಮಾನಾಂತರ ರನ್‌ವೇಗಳಿಂದ ಹೆಚ್ಚುಕಡಿಮೆ ಒಂದೇ ವೇಳೆಗೆ ಮೇಲೆದ್ದವು. ಪ್ರಾಥಮಿಕ ತನಿಖೆ ಹೇಳಿದ ಪ್ರಕಾರ ಪಾಳಿಯ ಮುಖ್ಯಸ್ಥರು ಉತ್ತರದ ರನ್‌ವೇ ಒಂದನ್ನೇ ಬಳಸಲು ತೀರ್ಮಾನಿಸಿದ್ದರು, ಆದರೆ ಆ ಸುದ್ದಿ ದಕ್ಷಿಣ ಟವರ್‌ನ ನಿಯಂತ್ರಕರಿಗೆ ಮುಟ್ಟಿರಲಿಲ್ಲ. ಒಬ್ಬರು ಒಂದಕ್ಕೆ, ಇನ್ನೊಬ್ಬರು ಇನ್ನೊಂದಕ್ಕೆ ಅನುಮತಿ ಕೊಟ್ಟರು. ಮೇಲೇರಿದ ಮೇಲೆ ಎರಡರ ದಾರಿ ಒಂದರತ್ತ ಒಂದು ಬಾಗುತ್ತಿತ್ತು. ರೇಡಾರ್ ನಿಯಂತ್ರಕರು ಅದನ್ನು ಕಂಡು ದಿಕ್ಕು ಬೇರ್ಪಡಿಸಿದರು. ನಾಲ್ಕು ನೂರಕ್ಕೂ ಹೆಚ್ಚು ಮಂದಿ ಏನೂ ತಿಳಿಯದೆ ತಮ್ಮ ಊರು ಸೇರಿದರು. ಆ ಘಟನೆ ಲಾಗ್‌ಬುಕ್‌ನಲ್ಲಿ ದಾಖಲಾಗಿರಲಿಲ್ಲ ಎಂಬುದು ಆಮೇಲೆ ಹೊರಬಂತು. ಘಟನೆಗಿಂತ ನನ್ನನ್ನು ಹೆಚ್ಚು ಕಾಡಿದ್ದು ಇದು. ದಾಖಲಾಗದ ತಪ್ಪಿನಿಂದ ಮುಂದಿನ ಪಾಳಿ ಕಲಿಯುವುದಾದರೂ ಏನನ್ನು?

ರೇಡಿಯೊ ಗದ್ದಲಕ್ಕೆ ತಂತ್ರಜ್ಞಾನ ಕೊಡುತ್ತಿರುವ ಉತ್ತರ ಅಕ್ಷರ. ಭಾರತದ ದೊಡ್ಡ ನಿಲ್ದಾಣಗಳಲ್ಲೂ ಮಾರ್ಗದ ಅನುಮತಿ ಈಗ ಸಂದೇಶವಾಗಿ ಕಾಕ್‌ಪಿಟ್‌ನ ಪರದೆಗೆ ಬರುತ್ತದೆ. ಪೈಲಟ್ ಓದಿ ಒಪ್ಪಿಗೆ ಕಳಿಸುತ್ತಾರೆ. ಟೆನರಿಫ್‌ನಲ್ಲಿ ಸಹ ಪೈಲಟ್‌ನ ಬಾಯಿ ಕಟ್ಟಿದ್ದು ಇದೇ ಅನುಮತಿಯ ಮರುನುಡಿ. ಅದು ಗೇಟ್‌ನಲ್ಲೇ, ಅಕ್ಷರದಲ್ಲೇ ಮುಗಿದಿದ್ದರೆ ರನ್‌ವೇ ತುದಿಯಲ್ಲಿ ಆ ಉದ್ದನೆಯ ಮಾತೇ ಇರುತ್ತಿರಲಿಲ್ಲ. ಇದನ್ನು ನಾನು ಪೂರ್ಣ ಮನಸ್ಸಿನಿಂದ ಸ್ವಾಗತಿಸುತ್ತೇನೆ.

ಆದರೆ ಎಲ್ಲವನ್ನೂ ಅಕ್ಷರಕ್ಕೆ ಇಳಿಸುವ ಉತ್ಸಾಹಕ್ಕೆ ಒಂದು ಮಿತಿ ಇರಬೇಕು. ಒಂದೇ ಫ್ರೀಕ್ವೆನ್ಸಿಯಲ್ಲಿ ಎಲ್ಲರ ಮಾತೂ ಎಲ್ಲರಿಗೂ ಕೇಳುವುದು ಕಿರಿಕಿರಿಯೂ ಹೌದು, ಕಾವಲೂ ಹೌದು. ಬೇರೊಬ್ಬರಿಗೆ ಕೊಟ್ಟ ಅನುಮತಿ ಕಿವಿಗೆ ಬಿದ್ದದ್ದರಿಂದಲೇ ಪ್ಯಾನ್ ಆಮ್ ಪೈಲಟ್ ಗಾಬರಿಯಾಗಿ ಗುಂಡಿ ಒತ್ತಿದ್ದು. ಕೀರಲು ಸದ್ದು ನಿಂತ ಮೇಲೆ ಬಂದ ಪ್ಯಾನ್ ಆಮ್ ಮಾತು ಕಿವಿಗೆ ಬಿದ್ದದ್ದರಿಂದಲೇ ಕೆಎಲ್‌ಎಮ್‌ನ ಎಂಜಿನಿಯರ್ ಆ ಪ್ರಶ್ನೆ ಕೇಳಿದ್ದು. ಪರದೆಯ ಮೇಲಿನ ಸಂದೇಶವನ್ನು ಪಕ್ಕದ ವಿಮಾನ ಓದಲಾರದು. ಆದ್ದರಿಂದ ಗೇಟ್‌ನಲ್ಲಿ ಮುಗಿಯಬಹುದಾದ್ದು ಅಕ್ಷರದಲ್ಲಿ ಬರಲಿ. ರನ್‌ವೇ ಒಳಗೆ ಹೋಗುವುದು, ದಾಟುವುದು, ಓಡುವುದು ಇವಿಷ್ಟೂ ಧ್ವನಿಯಲ್ಲೇ, ಒಂದೇ ಫ್ರೀಕ್ವೆನ್ಸಿಯಲ್ಲೇ, ಆ ರನ್‌ವೇಯ ಸುತ್ತ ಇರುವ ಪ್ರತಿಯೊಬ್ಬರ ಕಿವಿಗೂ ಬೀಳುವಂತೆ ಉಳಿಯಬೇಕು. ಅನುಮತಿ ಇಲ್ಲದೆ ಯಾರೂ ದಾಟದಂತೆ ಟ್ಯಾಕ್ಸಿವೇಗೆ ಅಡ್ಡಲಾಗಿ ಉರಿಯುವ ಕೆಂಪು ದೀಪದ ಸಾಲನ್ನು ಮಂಜು, ಮಳೆಗಷ್ಟೇ ಮೀಸಲಿಡದೆ ಹಗಲಿರುಳೂ ಬಳಸಬೇಕು. ಇವೆರಡಕ್ಕೂ ಹೊಸ ಸಂಶೋಧನೆ ಬೇಕಿಲ್ಲ, ದುಬಾರಿ ವಿಮಾನ ಬೇಕಿಲ್ಲ. ನಿಲ್ದಾಣ ನಡೆಸುವವರೂ ನಿಯಂತ್ರಣ ನೋಡಿಕೊಳ್ಳುವ ವಿಮಾನ ನಿಲ್ದಾಣ ಪ್ರಾಧಿಕಾರವೂ ಕೂತು ತೀರ್ಮಾನಿಸಿದರೆ ಆಗುವ ಕೆಲಸ.